ಮಾಲು ಹ್ಯಾಂಗದ ಅಂತ ಬರೆದಿಡೋರು ಬೇಕಾಗ್ಯಾರ!

ಅಕ್ಕಲಕೋಟ: ‘ವೈನಿ, ದೀಪಾವಳಿಗೆ ಮಿಕ್ಸರ್ ತಂದ್ರೆಲ್ಲಾ, ಹ್ಯಾಂಗ ಅದ?’

‘ಶೇಂಗಾ ಚಟ್ನಿಗೆ ಛಲೋ ಅದ ರೀ. ಉದ್ದಿನ ಹಿಟ್ಟು ರುಬ್ಬಾಕ ಹಾಕಿದ್ರ ಮಾತ್ರ ಸುಟ್ಟ ವಾಸನಿ ಬರ್ತದ. ದುಕಾನದಾವ್ನ ಕೇಳಿದ್ರ ಕಂಪನಿಗೆ ಫೋನ್ ಹಚ್ರಿ ಅಂತಾನ.’

ಅಕ್ಕಲಕೋಟ, ಜತ್ತ, ದಕ್ಷಿಣ ಸೊಲ್ಲಾಪುರ ಭಾಗದ ಕನ್ನಡ ಮನೆಗಳಲ್ಲಿ ಇಂಥ ಮಾತಿಗೆ ಬರವಿಲ್ಲ. ನಳದ ಮುಂದೆ, ಸಂತೆಯಲ್ಲಿ, ಬಚತ್ ಗಟದ ಸಭೆಯಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ ದಿನಾ ಕೇಳಿಬರುತ್ತದೆ. ಹಾಗೆ ನೋಡಿದರೆ ಮೇಲಿನ ಎರಡು ಮಾತಿನಲ್ಲಿ ಒಂದು ಪೂರ್ತಿ ವಿಮರ್ಶೆಯೇ ಅಡಗಿದೆ. ಎಂದು ತಂದದ್ದು, ಯಾವ ಕೆಲಸಕ್ಕೆ ಆಗುತ್ತದೆ, ಯಾವುದಕ್ಕೆ ಆಗುವುದಿಲ್ಲ, ಕೆಟ್ಟರೆ ಕೇಳುವವರು ಯಾರು... ಎಲ್ಲವೂ ಬಂತು. ಆದರೆ ಈ ಮಾತು ಆ ಓಣಿ ದಾಟುವುದಿಲ್ಲ. ಮುಂದಿನ ಓಣಿಯವರು ಅದೇ ಮಿಕ್ಸರ್ ತಂದು ಅದೇ ಸುಟ್ಟ ವಾಸನೆ ಕುಡಿಯುತ್ತಾರೆ.

ಇಷ್ಟಕ್ಕೂ ಆ ವಾಸನೆಯ ಗುಟ್ಟು ಬಹಳ ಮಿಕ್ಸರುಗಳಲ್ಲಿ ತಳಕ್ಕೇ ಅಂಟಿಸಿರುತ್ತದೆ. ತಲೆಕೆಳಗೆ ಮಾಡಿ ನೋಡಿದರೆ ‘30 ನಿಮಿಷ’ ಎಂದು ಇಂಗ್ಲಿಷಿನಲ್ಲಿ ಸಣ್ಣ ಅಕ್ಷರದ ಬರಹ. ಅದರ ಪಕ್ಕದಲ್ಲೇ 5 ನಿಮಿಷ ಓಡಿಸಿ 2 ನಿಮಿಷ ನಿಲ್ಲಿಸಿ ಎಂಬ ಸೂಚನೆ. ಒಂದೇ ಸಮನೆ ಹದಿನೈದು ನಿಮಿಷ ರುಬ್ಬಿದರೆ ಮೋಟಾರು ಕಾಯುವುದು ಸಹಜ. ಇದನ್ನು ಯಾರಾದರೂ ಕನ್ನಡದಲ್ಲಿ ಬರೆದು ಕೊಟ್ಟಿದ್ದರೆ ಎಷ್ಟೋ ಮಿಕ್ಸರುಗಳು ಇನ್ನೂ ತಿರುಗುತ್ತಿದ್ದವು.

ಪಾಕೀಟಿನ ಮೇಲೆ ಕನ್ನಡ ಇರಲಿ ಎಂದು ಕಾಯುತ್ತ ಕುಳಿತರೆ ಆಗದು. 2011ರ ಪೊಟ್ಟಣ ವಸ್ತುಗಳ ನಿಯಮದ ಪ್ರಕಾರ ತೂಕ, ಎಂ.ಆರ್.ಪಿ., ತಯಾರಾದ ತಿಂಗಳು, ತಕ್ರಾರಿನ ವಿಳಾಸ ಮುಂತಾದ ವಿವರ ದೇವನಾಗರಿ ಹಿಂದಿಯಲ್ಲಿ ಅಥವಾ ಇಂಗ್ಲಿಷಿನಲ್ಲಿ ಇದ್ದರೆ ಸಾಕು. ಗಡಿಯಾಚೆ ಕನ್ನಡ ಕೇಳುವವರು ಯಾರು? ಮರಾಠಿ ಶಾಲೆಗೆ ಹೋಗುವ ಮೊಮ್ಮಗ ಓದಿ ಹೇಳಬೇಕು, ಅಜ್ಜಿ ಕೇಳಬೇಕು. ಅದಕ್ಕೇ ಬಳಸಿದ ವಸ್ತು, ಪಡೆದ ಸೇವೆ ಹೇಗಿತ್ತೆಂದು ನಮ್ಮ ಮಾತಿನಲ್ಲಿ ನೇರವಾಗಿ ಬರೆದಿಡುವ ಕೆಲಸ ಈ ಭಾಗದಲ್ಲಿ ಯಾರಾದರೂ ಆರಂಭಿಸಲೇಬೇಕಾಗಿದೆ.

ಒಂದೇ ಫ್ಯಾನು, ಎರಡು ಲೆಕ್ಕ

‘ಮೊಬೈಲ್ ತೆರೆದರ ಸಾವಿರ ಮಂದಿ ಹೇಳ್ತಾರಲ್ಲ, ಹೊಸದಾಗಿ ಯಾಕ ಬೇಕು?’ ಎನ್ನುವವರೂ ಇದ್ದಾರೆ. ಹೌದು, ಹೇಳುತ್ತಾರೆ. ಆದರೆ ಹೇಳುವವರು ಇರುವುದು ದಿಲ್ಲಿ, ಮುಂಬೈ, ಬೆಂಗಳೂರಿನಲ್ಲಿ. ಅಲ್ಲಿಯ ನೀರು ಬೇರೆ, ಕರೆಂಟಿನ ದರ ಬೇರೆ, ರಿಪೇರಿಯವ ಬರುವ ದಾರಿಯೂ ಬೇರೆ.

ಕಡಿಮೆ ಕರೆಂಟ್ ತಿನ್ನುವ ಹೊಸ ಮಾದರಿಯ ಬಿ.ಎಲ್.ಡಿ.ಸಿ. ಫ್ಯಾನನ್ನೇ ತೆಗೆದುಕೊಳ್ಳಿ. ಹಳೆಯ ಸಾದಾ ಫ್ಯಾನು ಸುಮಾರು 75 ವ್ಯಾಟ್ ತಿಂದರೆ ಇದು 30ರ ಆಸುಪಾಸು. ದಿನಕ್ಕೆ 12 ಗಂಟೆಯಂತೆ ವರ್ಷಕ್ಕೆ 300 ದಿನ ತಿರುಗಿದರೆ ಉಳಿಯುವುದು 162 ಯುನಿಟ್. ಸೊಲ್ಲಾಪುರದ ಬೇಸಿಗೆ ಗೊತ್ತಿದ್ದವರು 12 ಗಂಟೆ ಕಡಿಮೆಯೇ ಆಯಿತು ಎಂದಾರು! ಯುನಿಟ್‌ಗೆ ₹7 ಹಿಡಿದರೂ ವರ್ಷಕ್ಕೆ ₹1,134. ಬೆಲೆಯಲ್ಲಿ ಸಾವಿರ-ಹದಿನೈದುನೂರು ಹೆಚ್ಚಿದ್ದರೂ ಒಂದೂವರೆ ವರ್ಷದೊಳಗೆ ತೀರಿತು.

ಇದು ಅಕ್ಕಲಕೋಟದ ಮನೆಯ ಲೆಕ್ಕ. ಅದೇ ಫ್ಯಾನನ್ನು ಇಂಡಿಯಲ್ಲೋ ಅಫಜಲಪುರದಲ್ಲೋ ಇರುವ ಬೀಗರು ತಂದರೆ? ಅಲ್ಲಿ 2023ರಲ್ಲಿ ಆರಂಭವಾದ ಗೃಹಜ್ಯೋತಿ ಇದೆ. ಹಿಂದಿನ ಸರಾಸರಿ ಬಳಕೆಗೆ ಶೇ. 10 ಸೇರಿಸಿ, 200 ಯುನಿಟ್ ಮೀರದಂತೆ ಆ ಮಿತಿಯೊಳಗೆ ಸುಟ್ಟವರಿಗೆ ಬಿಲ್ಲು ಸೊನ್ನೆ. ಸೊನ್ನೆ ಬಿಲ್ಲಿನಲ್ಲಿ ಉಳಿಸುವುದೇನು? ಕರೆಂಟು ಉಳಿಯುತ್ತದೆ, ಕಿಸೆಯಲ್ಲಿ ರೊಕ್ಕ ಉಳಿಯುವುದಿಲ್ಲ. ಒಂದೇ ವಸ್ತು, ಒಂದೇ ಬಂಧು-ಬಳಗ. ಒಂದು ಮನೆಗೆ ಲಾಭ, ಇನ್ನೊಂದು ಮನೆಗೆ ಬರೀ ಖರ್ಚು. ಇದನ್ನು ಗಡಿಯ ಎರಡೂ ಕಡೆ ನಂಟಿರುವವರು ಬರೆಯಬೇಕೇ ಹೊರತು ಮುಂಬೈಯವರು ಬರೆಯಲಾರರು.

ನೀರು ಸೋಸುವ ಯಂತ್ರದ್ದೂ ಇದೇ ಕತೆ. ಬೋರ್ ನೀರು ಗಡಸು ಎಂದು ಎಲ್ಲರೂ ಆರ್.ಓ. ಹಾಕಿಸುತ್ತಿದ್ದಾರೆ. ಮಾರುವವ ಮನೆಗೆ ಬಂದು ಕರೆಂಟು ಹಾಯಿಸಿ ನೀರನ್ನು ಕಂದು ಮಾಡಿ ತೋರಿಸುತ್ತಾನೆ, ಹೆಂಗಸರು ಹೆದರುತ್ತಾರೆ. ಆ ಕಂದು ಬಣ್ಣ ಬಹುತೇಕ ಅವನ ಕಬ್ಬಿಣದ ಸರಳಿನದೇ! ನಿಜ ತಿಳಿಯಲು ಟಿ.ಡಿ.ಎಸ್. ಅಳೆದರೆ ಒಂದು ಅಂದಾಜು ಸಿಗುತ್ತದೆ. ಕುಡಿಯುವ ನೀರಿನ ಭಾರತೀಯ ಮಾನಕದ ಪ್ರಕಾರ ಲೀಟರಿಗೆ 500 ಮಿ.ಗ್ರಾಂ. ಒಳಗಿದ್ದರೆ ಒಳ್ಳೆಯದು, ಬೇರೆ ನೀರೇ ಇಲ್ಲದಿದ್ದರೆ 2000ದವರೆಗೆ ಸೈರಿಸಬಹುದು. 500ರ ಒಳಗಿದ್ದ ನೀರಿಗೆ ಉಪ್ಪಿನಂಶದ ಕಾರಣಕ್ಕೆ ಆರ್.ಓ. ಬೇಕಿಲ್ಲ. ಮೇಲಾಗಿ ಮನೆಯ ಆರ್.ಓ. ಒಂದು ಲೀಟರ್ ಕುಡಿಯುವ ನೀರಿಗೆ ಎರಡು-ಮೂರು ಲೀಟರ್ ಹೊರಗೆ ಚೆಲ್ಲುತ್ತದೆ. ಟ್ಯಾಂಕರ್ ನೀರು ಕೊಳ್ಳುವ ಜತ್ತದ ಹಳ್ಳಿಗೆ ಇದು ಸಣ್ಣ ಮಾತಲ್ಲ. ಜಾಹೀರಾತಿನಲ್ಲಿ ಈ ಸಾಲು ಹುಡುಕಿದರೂ ಸಿಗುವುದಿಲ್ಲ.

ಯಾರ ರೊಕ್ಕದಾಗ ಕೊಂಡದ್ದು?

ವಿಮರ್ಶೆ ಬರೆಯುವವರಿಗೆ ಮೊದಲ ಪ್ರಶ್ನೆ ಇದೇ. ಅಮೆರಿಕದಲ್ಲಿ 1936ರಲ್ಲಿ ಹುಟ್ಟಿದ ಗ್ರಾಹಕರ ಸಂಸ್ಥೆಯೊಂದು ಜಾಹೀರಾತು ತೆಗೆದುಕೊಳ್ಳದೆ, ಸಾದಾ ಗಿರಾಕಿಯಂತೆ ಅಂಗಡಿಗೆ ಹೋಗಿ ಮಾಲು ಕೊಂಡು ಪರೀಕ್ಷೆ ಮಾಡುವ ಪದ್ಧತಿ ಹಾಕಿತು. ಅಲ್ಲಿಂದ ಈ ಪದ್ಧತಿ ದೇಶ-ದೇಶಕ್ಕೆ ಹಬ್ಬಿತು. ಅಹ್ಮದಾಬಾದಿನಲ್ಲಿ 1978ರಲ್ಲಿ ಆರಂಭವಾದ ಗ್ರಾಹಕ ಶಿಕ್ಷಣ ಮತ್ತು ಸಂಶೋಧನಾ ಕೇಂದ್ರ ಸ್ವಂತ ಪ್ರಯೋಗಶಾಲೆಯನ್ನೇ ಕಟ್ಟಿತು. ನಮ್ಮ ಮಹಾರಾಷ್ಟ್ರದಲ್ಲೇ ಮುಂಬಯಿ ಗ್ರಾಹಕ ಪಂಚಾಯತ್ 1975ರಿಂದ ಮನೆಮಂದಿಯನ್ನು ಸಣ್ಣ-ಸಣ್ಣ ಸಂಘ ಮಾಡಿ, ಮಾಲು ಆರಿಸಿ, ಒಟ್ಟಿಗೆ ಕೊಂಡು ಹಂಚುತ್ತ ಬಂದಿದೆ. ಅಂದಹಾಗೆ, ಈ ಕೆಲಸದಲ್ಲಿ ಮುಂದೆ ನಿಂತವರು ಬಹುತೇಕ ಗೃಹಿಣಿಯರೇ.

ಇಂದು ಕಾಲ ಬೇರೆ. ಕಂಪನಿಯವರು ಪುಕ್ಕಟೆ ಮಾಲು ಕಳಿಸುತ್ತಾರೆ, ಕೆಲವರು ರೊಕ್ಕವನ್ನೂ ಕೊಡುತ್ತಾರೆ, ವಿಡಿಯೊದಲ್ಲಿ ‘ಏಕದಮ್ ಝಕಾಸ್’ ಎಂದು ಹೊಗಳಿಕೆ ಬರುತ್ತದೆ. ನೋಡಿದವರು ಖರೇ ಎಂದು ನಂಬುತ್ತಾರೆ. ಇದಕ್ಕೆ ಕಾನೂನಿನ ಲಗಾಮು ಬಂದಿದೆ ಎಂಬುದು ಹಲವರಿಗೆ ಗೊತ್ತಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ತಪ್ಪುದಾರಿಗೆ ಎಳೆಯುವ ಜಾಹೀರಾತಿಗೆ ಮುಖ ಕೊಟ್ಟವರಿಗೂ ₹10 ಲಕ್ಷದವರೆಗೆ ದಂಡ ಹಾಕಬಹುದು. ಮತ್ತೆ ಮತ್ತೆ ಮಾಡಿದರೆ ₹50 ಲಕ್ಷ. ರೊಕ್ಕ, ಪುಕ್ಕಟೆ ಮಾಲು, ಉಡುಗೊರೆ, ಪ್ರವಾಸ, ಅಷ್ಟೇಕೆ, ಮಾರುವವರ ಜೊತೆ ನೆಂಟಸ್ತಿಕೆ ಇದ್ದರೂ ಎದ್ದು ಕಾಣುವಂತೆ ಹೇಳಬೇಕೆಂದು ಕೇಂದ್ರ ಗ್ರಾಹಕ ವ್ಯವಹಾರ ಇಲಾಖೆ 2023ರ ಜನವರಿಯಲ್ಲಿ ಸೂಚನೆ ಹೊರಡಿಸಿದೆ. ಅದಕ್ಕೂ ಮೊದಲು 2022ರ ನವೆಂಬರಿನಲ್ಲಿ ಭಾರತೀಯ ಮಾನಕ ಬ್ಯೂರೊ ಗಿರಾಕಿಗಳ ಅಭಿಪ್ರಾಯ ಹೇಗೆ ಕೂಡಿಸಬೇಕು, ಹೇಗೆ ಪ್ರಕಟಿಸಬೇಕು ಎಂದು ಒಂದು ಮಾನಕವನ್ನೇ ತಂದಿತು.

ಊರ ಅಂಗಡಿಯ ಮಾಲಕ ಸೋದರಮಾವ ಆಗಿದ್ದರೆ ‘ಈ ದುಕಾನ ನಮ್ಮ ಮಾವಂದು’ ಎಂಬ ಸಾಲು ಮೊದಲು ಬರಬೇಕು. ಆಮೇಲೆ ಹೊಗಳಲಿ, ಯಾರೂ ಬೇಡ ಅನ್ನುವುದಿಲ್ಲ. ಸಣ್ಣ ಊರಿನಲ್ಲಿ ಎಲ್ಲರೂ ಎಲ್ಲರಿಗೂ ಏನಾದರೂ ಆಗಿರುತ್ತಾರೆ ಎಂಬುದೇ ಇಲ್ಲಿಯ ದೊಡ್ಡ ತೊಡಕು.

ಚಾದರದಿಂದಲೇ ಸುರು ಮಾಡಬಹುದು

ಆರಂಭಕ್ಕೆ ದೊಡ್ಡ ಪ್ರಯೋಗಶಾಲೆ ಬೇಕೆಂದಿಲ್ಲ. ಈ ಭಾಗದವರ ಮನೆಯಲ್ಲೇ ಇರುವ ಸೊಲ್ಲಾಪುರಿ ಚಾದರ ಸಾಕು. ಮದುವೆ ಆಹೇರಿಯಿಂದ ಹಿಡಿದು ದೂರದ ಊರಿನ ನೆಂಟರಿಗೆ ಕೊಡುವ ಕಾಣಿಕೆಯವರೆಗೆ ಇದಕ್ಕೆ ಸರಿಸಾಟಿ ಇಲ್ಲ. ಜಕಾರ್ಡ್ ಮಗ್ಗದ ಈ ಹತ್ತಿ ಚಾದರಕ್ಕೆ ಮಹಾರಾಷ್ಟ್ರದ ಪಾಲಿಗೆ ಮೊದಮೊದಲ ಭೌಗೋಳಿಕ ಸೂಚಕ ಮಾನ್ಯತೆ 2005-06ರಲ್ಲೇ ಸಿಕ್ಕಿತು. ಆದರೂ ಹೆದ್ದಾರಿ ಬದಿಯಲ್ಲಿ, ಜಾತ್ರೆಯಲ್ಲಿ, ದೂರದ ಪೇಟೆಯಲ್ಲಿ ‘ಸೊಲ್ಲಾಪುರಿ’ ಎಂಬ ಹೆಸರು ಹೇಳಿ ಬೇರೆ ಕಡೆಯ ಮಾಲು ಮಾರುವುದು ನಿಂತಿಲ್ಲ. ಪೆಟ್ಟು ತಿನ್ನುವವರು ಕೊಂಡವರಷ್ಟೇ ಅಲ್ಲ, ಸೊಲ್ಲಾಪುರದ ಮಗ್ಗದಲ್ಲಿ ದುಡಿಯುವ ಕೈಗಳೂ ಹೌದು.

ಪರೀಕ್ಷೆ ಹೀಗಿರಬಹುದು. ತಂದ ದಿನವೇ ಚಾದರದ ಉದ್ದ-ಅಗಲ ಟೇಪಿನಿಂದ ಅಳೆದು, ತಕ್ಕಡಿಯಲ್ಲಿ ತೂಗಿ ಬರೆಯಬೇಕು. ಅಂಚಿನಿಂದ ಹಾಸಿನದೊಂದು, ಹೊಕ್ಕಿನದೊಂದು ಎಳೆ ತೆಗೆದು ಬೇರೆ ಬೇರೆಯಾಗಿ ಸುಡಬೇಕು. ಹತ್ತಿಯಾದರೆ ಕಾಗದ ಸುಟ್ಟ ವಾಸನೆ, ಮೆತ್ತಗಿನ ಬೂದಿ. ಪಾಲಿಯೆಸ್ಟರ್ ಇದ್ದರೆ ಕರಗಿ ಗಟ್ಟಿ ಮಣಿಯಾಗುತ್ತದೆ. ಎರಡೂ ಬೆರೆತಿದ್ದರೆ ಎರಡರ ಗುಣವೂ ಕಾಣುತ್ತದೆ. ಹಸಿ ಬಿಳಿ ಬಟ್ಟೆಯಿಂದ ತಿಕ್ಕಿ ಬಣ್ಣ ಹತ್ತುತ್ತದೆಯೇ ನೋಡಬೇಕು. ಆಮೇಲೆ ಮನೆಯ ವಾಡಿಕೆಯಂತೆ ಒಗೆದು ಒಣಗಿಸಿ ಮತ್ತೆ ಅಳೆಯಬೇಕು. ಐದು ಸಲ ಒಗೆದ ಮೇಲೆ ಎಷ್ಟು ಸಿಕ್ಕಿತು, ಎಷ್ಟು ಮಾಸಿತು, ಅಂಚು ಬಿಚ್ಚಿತೋ ಇಲ್ಲವೋ... ಇಷ್ಟು ಬರೆದರೆ ಓದಿದವರು ಅಂಗಡಿಗೆ ಹೋಗುವಾಗ ಕಿಸೆಯಲ್ಲಿ ಇಟ್ಟುಕೊಂಡು ಹೋಗುತ್ತಾರೆ. ‘ಮಸ್ತ್ ಅದ’ ಎಂದು ಬರೆದರೆ ಯಾರಿಗೂ ಉಪಯೋಗವಿಲ್ಲ.

ಬಂಗಾರವಾದರೆ ಮನೆಯಲ್ಲಿ ಪರೀಕ್ಷೆ ಆಗದು. ಆದರೆ ಒಡವೆಯ ಮೇಲೆ ಬಿ.ಐ.ಎಸ್. ಗುರುತು, ಶುದ್ಧತೆ, ಆರು ಅಕ್ಷರ-ಅಂಕಿಯ ಎಚ್.ಯು.ಐ.ಡಿ. ಇದೆಯೇ ನೋಡಬಹುದು. 22 ಕ್ಯಾರಟ್ ಎಂದರೆ 916. ಆ ಸಂಖ್ಯೆಯನ್ನು ಬಿ.ಐ.ಎಸ್. ಕೇರ್ ಆ್ಯಪಿನಲ್ಲಿ ಹಾಕಿದರೆ ವಿವರ ಬರುತ್ತದೆ. ಗಿರಾಕಿ ತಾನೇ ಒಡವೆ ಒಯ್ದು ಮಾನ್ಯತೆ ಪಡೆದ ಕೇಂದ್ರದಲ್ಲಿ ಪರೀಕ್ಷಿಸಲು 2022ರಲ್ಲಿ ನಿಗದಿಯಾದ ಶುಲ್ಕ ನಾಲ್ಕು ನಗದವರೆಗೆ ₹200. ಮದುವೆಗೆ ಲಕ್ಷಗಟ್ಟಲೆ ಸುರಿಯುವವರಿಗೆ ಇದು ಬ್ಯಾಂಡಿನವರ ಚಹಾದ ಖರ್ಚು.

ಕಳ್ಳ ಅನ್ನಬ್ಯಾಡ್ರಿ, ಗ್ರಾಂ ಹೇಳ್ರಿ

ಹೊಸದಾಗಿ ಬರೆಯಲು ಕುಳಿತವರು ಎಡವುವುದು ಇಲ್ಲಿ. ‘ಇಂಥ ಅಂಗಡಿಯವ ಕಳ್ಳ’ ಎಂದು ಬರೆದರೆ ಮರುದಿನ ವಕೀಲರ ನೋಟಿಸು ಮನೆಗೆ ಬಂದೀತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮು ಮಾನಹಾನಿಯದು. ಸಾರ್ವಜನಿಕ ಹಿತಕ್ಕಾಗಿ ಹೇಳಿದ ಸತ್ಯಕ್ಕೆ ಅದರಲ್ಲಿ ರಕ್ಷಣೆ ಇದೆ. ಆದರೆ ಸತ್ಯವೆಂದು ತೋರಿಸುವ ಭಾರ ಬರೆದವರ ಮೇಲೆಯೇ. ‘ಇಂಥ ತಾರೀಖಿಗೆ ಕೊಂಡ ಒಂದು ಕಿಲೋ ಪಾಕೀಟು ತೂಗಿದಾಗ 940 ಗ್ರಾಂ ಬಂತು, ಪಾವತಿ ಇದೆ’ ಎಂದರೆ ಅದು ಸಂಗತಿ. ಕಳ್ಳನೋ ಸಾವುಕಾರನೋ ಎಂಬುದನ್ನು ಓದುವವರು ತೀರ್ಮಾನಿಸಲಿ.

ಅಲ್ಲಿಯೂ ಒಂದು ಸೂಕ್ಷ್ಮ ಇದೆ. ಯಂತ್ರ ತುಂಬುವ ಪಾಕೀಟಿನಲ್ಲಿ ಸ್ವಲ್ಪ ಹೆಚ್ಚು-ಕಡಿಮೆಯನ್ನು ನಿಯಮವೇ ಒಪ್ಪುತ್ತದೆ. ಒಂದು ಕಿಲೋಗೆ 15 ಗ್ರಾಂ. ಅಂದರೆ 988 ಗ್ರಾಂ ಬಂದ ಒಂದೇ ಪಾಕೀಟು ಹಿಡಿದು ಮೋಸ ಎಂದು ಕೂಗಿದರೆ ಕೂಗಿದವರೇ ಪೆಚ್ಚಾಗುತ್ತಾರೆ. ಮನೆಯ ತಕ್ಕಡಿ ಸರಿ ಇದೆಯೇ? ಖಾಲಿ ಪಾಕೀಟಿನ ತೂಕ ಕಳೆದಿದ್ದಾರೆಯೇ? ಒಂದಲ್ಲ, ನಾಲ್ಕೈದು ಪಾಕೀಟು ಬೇರೆ ಬೇರೆ ದಿನ ತೂಗಿದ್ದಾರೆಯೇ? ಅಂಗಡಿಯವರನ್ನೂ ಒಂದು ಮಾತು ಕೇಳಿ, ಅವರು ಹೇಳಿದ್ದನ್ನು ಹೇಳಿದಂತೆಯೇ ಬರೆಯುವುದು ಮರ್ಯಾದೆ. ಕೊಂಡವರು ತಪ್ಪು ಬಳಸಿದ್ದೂ ಇರುತ್ತದೆ, ಮಿಕ್ಸರಿನ ಕತೆ ಮೇಲೆಯೇ ಬಂತಲ್ಲ.

ಸೇವೆಯ ವಿಷಯ ಇನ್ನೂ ನಾಜೂಕು. ಒಂದು ದಿನ ಬಸ್ಸು ತಡವಾದರೆ ಮಳೆ ಕಾರಣವಾಗಿರಬಹುದು, ಟ್ಯೂಷನ್ ಕ್ಲಾಸಿನ ಗುಣ ಒಂದು ತಿಂಗಳಲ್ಲಿ ತಿಳಿಯದು. ಗಡಿಯಲ್ಲಂತೂ ಬಸ್ಸಿನ ಟಿಕೀಟೇ ಒಂದು ಒಗಟು. ಕರ್ನಾಟಕದ ಶಕ್ತಿ ಯೋಜನೆ 2023ರ ಜೂನ್ 11ರಂದು ಬಂತು. ಅಲ್ಲಿಯ ನಿವಾಸಿ ಮಹಿಳೆಯರಿಗೆ ರಾಜ್ಯದ ಒಳಗೆ ಪುಕ್ಕಟೆ. ಮಹಾರಾಷ್ಟ್ರದ ಎಸ್.ಟಿ. ಅದೇ ವರ್ಷ ಮಾರ್ಚಿನಲ್ಲಿ ಮಹಿಳೆಯರಿಗೆ ಅರ್ಧ ಟಿಕೀಟು ಮಾಡಿತು. ಸೊಲ್ಲಾಪುರ-ವಿಜಯಪುರದಂಥ ದಾರಿಯಲ್ಲಿ ಯಾವ ರಾಜ್ಯದ ಗಾಡಿ, ಯಾವ ಊರಿನಿಂದ ಯಾವ ಊರಿಗೆ, ಯಾವ ಗುರುತಿನ ಚೀಟಿ ಎಂಬುದನ್ನು ಬರೆಯದೆ ‘ಇಷ್ಟು ತಗೊಂಡ್ರು’ ಎಂದರೆ ಓದಿದವರು ಕಂಡಕ್ಟರ್ ಜೊತೆ ಸುಮ್ಮನೆ ಜಗಳ ತೆಗೆಯುತ್ತಾರೆ.

ಪಾವತಿ ಎಂಬ ಚೀಟಿ

ವಿಮರ್ಶೆ ಬರೆಯುವ ಅಭ್ಯಾಸದಿಂದ ಕೈಗೆ ಬರುವ ದೊಡ್ಡ ಲಾಭ ಎಂದರೆ ಪಾವತಿ ಇಟ್ಟುಕೊಳ್ಳುವ ರೂಢಿ. ಗಡಿಭಾಗದ ಪೇಟೆಯಲ್ಲಿ ‘ಪಾವತಿ ಬೇಕಂದ್ರ ಜಿ.ಎಸ್.ಟಿ. ಬೀಳ್ತದ ನೋಡ್ರಿ’ ಎಂಬ ಮಾತಿಗೆ ಹೆದರಿ ಬರಿಗೈಯಲ್ಲಿ ಬರುವವರೇ ಹೆಚ್ಚು. ಎಂ.ಆರ್.ಪಿ. ಎಂದರೆ ಎಲ್ಲ ತೆರಿಗೆ ಸೇರಿದ ಬೆಲೆ. ಅದರ ಮೇಲೆ ಮತ್ತೆ ತೆರಿಗೆ ಇಲ್ಲ. ಬಿಲ್ಲು ಕೊಡದಿರುವುದೇ 2019ರ ಕಾಯ್ದೆಯಲ್ಲಿ ಅನುಚಿತ ವ್ಯಾಪಾರ ಪದ್ಧತಿ. ಬಿಲ್ಲಿನ ತಳದಲ್ಲಿ ಮರಾಠಿಯಲ್ಲಿ ‘ಏಕದಾ ವಿಕಲೇಲಾ ಮಾಲ್ ಪರತ್ ಘೇತಲಾ ಜಾಣಾರ್ ನಾಹಿ’, ಕನ್ನಡದಲ್ಲಿ ‘ಮಾರಿದ ಮಾಲು ವಾಪಸ್ ಇಲ್ಲ’ ಎಂದು ಅಚ್ಚು ಹಾಕಿಸಿದರೂ ದೋಷವಿರುವ ಮಾಲಿಗೆ ಆ ಸಾಲು ನಡೆಯುವುದಿಲ್ಲ. ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳದಿದ್ದರೆ 30 ದಿನದೊಳಗೆ ಅಂಥ ಮಾಲು ವಾಪಸ್ ಪಡೆಯಬೇಕು.

ಇನ್ನು ಗಡಿಯವರಿಗೆ ನಿಜವಾಗಿ ವರವಾದ ಬದಲಾವಣೆ ಬೇರೆಯೇ ಇದೆ. 1986ರ ಹಳೆಯ ಕಾಯ್ದೆಯಲ್ಲಿ ಎದುರುಪಕ್ಷದವರು ವ್ಯಾಪಾರ ಮಾಡುವಲ್ಲಿ ಅಥವಾ ವ್ಯವಹಾರ ನಡೆದಲ್ಲಿ ತಕ್ರಾರು ಹಾಕಬೇಕಿತ್ತು. ಅಕ್ಕಲಕೋಟದವರು ವಿಜಯಪುರದಲ್ಲಿ ಕೊಂಡ ಪಂಪ್‌ಸೆಟ್ಟಿಗೆ ವಿಜಯಪುರಕ್ಕೇ ಅಲೆಯಬೇಕಿತ್ತು. ಸಾವಿರಾರು ರೂಪಾಯಿಯ ಮಾಲಿಗೆ ಬಸ್ ಖರ್ಚೇ ಅಷ್ಟಾದರೆ ಯಾರು ಹೋಗುತ್ತಾರೆ? 2020ರ ಜುಲೈ 20ರಿಂದ ಜಾರಿಯಾದ ಹೊಸ ಕಾಯ್ದೆಯಲ್ಲಿ ಗಿರಾಕಿ ತಾನು ವಾಸವಿರುವ ಅಥವಾ ದುಡಿಯುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು. ವಿಜಯಪುರ, ಕಲಬುರಗಿಯಲ್ಲಿ ಕೊಂಡರೂ ಅಕ್ಕಲಕೋಟದವರಿಗೆ ಸೊಲ್ಲಾಪುರ, ಜತ್ತದವರಿಗೆ ಸಾಂಗಲಿ. ಆಚೆಯವರು ಸೊಲ್ಲಾಪುರದ ಪೇಟೆಯಲ್ಲಿ ಕೊಂಡಿದ್ದರೆ ಅವರಿಗೂ ಅವರ ಜಿಲ್ಲೆಯೇ. ಕೊಟ್ಟ ಬೆಲೆ ₹5 ಲಕ್ಷದವರೆಗೆ ಇದ್ದರೆ ಶುಲ್ಕವಿಲ್ಲ, ವಕೀಲರು ಬೇಕೇಬೇಕೆಂದಿಲ್ಲ. ಕನ್ನಡದ ಪಾವತಿ ಇದ್ದರೆ ಅದರ ಮರಾಠಿ ಅಥವಾ ಇಂಗ್ಲಿಷ್ ಅನುವಾದ ಜೊತೆಗಿಟ್ಟರೆ ಕೆಲಸ ಸಲೀಸು.

ರೈತರು ಇದನ್ನು ಮರೆಯಬಾರದು. ಬೀಜ ಕೊಂಡ ರೈತ ‘ಗ್ರಾಹಕ’ ಅಲ್ಲ ಎಂದು ಕಂಪನಿಗಳು ಬಹಳ ವರ್ಷ ವಾದಿಸಿದವು. 2012ರ ಜನವರಿಯಲ್ಲಿ ಆಂಧ್ರದ ರೈತರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆ ವಾದ ತಳ್ಳಿಹಾಕಿತು. ತೊಗರಿ ಬೀಜ ಆಚೆಯ ಪೇಟೆಯಿಂದ, ಗೊಬ್ಬರ ಈಚೆಯ ಪೇಟೆಯಿಂದ ತರುವ ಇಲ್ಲಿಯ ರೈತ ಬೀಜದ ಚೀಲ, ಅದರ ಚೀಟಿ, ಪಾವತಿ, ಒಂದು ಹಿಡಿ ಬೀಜ ಇಷ್ಟನ್ನು ಬೆಳೆ ಬರುವವರೆಗೆ ಕಾಯ್ದಿಡಬೇಕು. ಮೊಳಕೆ ಸರಿ ಬರದಿದ್ದರೆ ಬೆಳೆ ಹೊಲದಲ್ಲಿ ಇರುವಾಗಲೇ ತಾಲ್ಲೂಕು ಕೃಷಿ ಕಚೇರಿಗೆ ಬರೆದು ಕೊಟ್ಟು ಪಂಚನಾಮೆ ಮಾಡಿಸಬೇಕು. ಹರಗಿದ ಮೇಲೆ ಹೇಳಿದರೆ ತೋರಿಸಲು ಏನೂ ಉಳಿಯುವುದಿಲ್ಲ. ಅಂಥ ಬೀಜದ ಹೆಸರು, ಲಾಟ್ ನಂಬರು, ಬಿತ್ತಿದ ತಾರೀಖು, ಎಷ್ಟು ಮೊಳೆಯಿತು ಎಂಬ ನಾಲ್ಕು ಸಾಲನ್ನು ಒಬ್ಬರು ಮೃಗಶಿರದಲ್ಲಿ ಬರೆದು ಹಂಚಿದರೆ ತಡವಾಗಿ ಬಿತ್ತುವವರ ಹೊಲವಾದರೂ ಉಳಿಯುತ್ತದೆ.

ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿದರೆ ಮರಾಠಿಯಲ್ಲೂ ಕನ್ನಡದಲ್ಲೂ ಮಾತಾಡಬಹುದು. ಆಯೋಗಕ್ಕೆ ದೂರು ಕೊಡಲು ಇರುವ ಅವಧಿ, ತಕ್ರಾರಿಗೆ ಕಾರಣವಾದ ದಿನದಿಂದ ಎರಡು ವರ್ಷ.